ನಿಮಗಿದು ಗೊತ್ತೆ? ವೀಸಾ ಕೊಡಿಸುವ ತಿಮ್ಮಪ್ಪ!

ಅರಸೀಕೆರೆ ಮಗ್ಗುಲಿನ ಮಾಲೇಕಲ್ಲು ತಿರುಪತಿಯ ವೆಂಕಟರಮಣನನ್ನು ಕಾಣಲು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಆದರೆ 'ವೀಸಾ ಬಾಲಾಜಿ' ಎಂಬ ಬಿರುದು ಹೈದರಾಬಾದ್ ಬಳಿಯ ಚಿಲ್ಕೂರಿನ ಸ್ವಾಮಿಯದು. ಅಲ್ಲಿ ಹರಕೆ ಹೊತ್ತಾಗ 11 ಪ್ರದಕ್ಷಿಣೆ, ಕೈಗೂಡಿದ ಮೇಲೆ 108. ಹುಂಡಿಯೇ ಇಲ್ಲ! ರಾಯಭಾರ ಕಚೇರಿಗಳು ಮಾತ್ರ ಶುಲ್ಕ ಬಿಡುವುದಿಲ್ಲ, ವೀಸಾ ಸಿಗದಿದ್ದರೂ ಸಾಮಾನ್ಯವಾಗಿ ಅದು ವಾಪಸಾಗದು.

ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರವಾಸಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಅವಸರವಿದ್ದವರಿಗೆ ನೇಪಾಳ, ಭೂತಾನವೇ ವಾಸಿ, ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಬೇಲೂರು, ಹಳೇಬೀಡು ನೋಡಬರುವ ಹಲವು ದೇಶಗಳವರಿಗೂ 2014ರಿಂದ ಮನೆಯಿಂದಲೇ ಆನ್‌ಲೈನ್ ಅರ್ಜಿಯ ಸೌಲಭ್ಯವಿದೆ. ಟಿಕೆಟ್ ಕೊಳ್ಳುವ ಮುನ್ನ ಪಾಸ್‌ಪೋರ್ಟ್ ತೆರೆದು ನೋಡಿ: ಅವಧಿ ಇನ್ನೂ 6 ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ.