ಜಾಗತಿಕ ಅಭಿವೃದ್ಧಿಯಲ್ಲಿ ಅರೆಕಾಲಿಕ ಸ್ನಾತಕೋತ್ತರ ಪದವಿ

ಜಾಗತಿಕ ಅಭಿವೃದ್ಧಿಯಲ್ಲಿ ಅರೆಕಾಲಿಕ ಸ್ನಾತಕೋತ್ತರ ಪದವಿಯು ಬಡತನ, ಅಸಮಾನತೆ, ವಲಸೆ, ಹವಾಮಾನ ಬದಲಾವಣೆ, ಆರೋಗ್ಯ, ಆಡಳಿತ ಮೊದಲಾದ ವಿಷಯಗಳನ್ನು ಉದ್ಯೋಗದಲ್ಲಿದ್ದುಕೊಂಡೇ ವ್ಯಾಸಂಗ ಮಾಡಿ ಪಡೆಯುವ ಪದವಿಯಾಗಿದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಒಂದೇ ಪದವಿಯನ್ನು ಪೂರ್ಣಾವಧಿಯಲ್ಲಿ ಒಂದು ವರ್ಷದಲ್ಲಿಯೂ ಅರೆಕಾಲಿಕವಾಗಿ ಸಾಮಾನ್ಯವಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ವರ್ಷಗಳಲ್ಲಿಯೂ ಪೂರೈಸುವ ಅವಕಾಶವಿರುತ್ತದೆ. ಎರಡರಲ್ಲಿಯೂ ಪಠ್ಯವಿಷಯ ಮತ್ತು ಮೌಲ್ಯಮಾಪನದ ಮಟ್ಟ ಒಂದೇ ಆಗಿದ್ದು, ಅವಧಿಯಲ್ಲಿ ಮಾತ್ರ ವ್ಯತ್ಯಾಸವಿದೆ.

ಹಿನ್ನೆಲೆ

ಅಭಿವೃದ್ಧಿ ಅಧ್ಯಯನವು ಎರಡನೆಯ ಮಹಾಯುದ್ಧದ ನಂತರ, ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಸ್ವತಂತ್ರವಾಗುತ್ತಿದ್ದ ಕಾಲದಲ್ಲಿ ಪ್ರತ್ಯೇಕ ಶಾಸ್ತ್ರವಾಗಿ ರೂಪುಗೊಂಡಿತು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ 1952ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್ ಹಾಗೂ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 1966ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್ ಸ್ಥಾಪನೆಯಾದವು. ಸಸೆಕ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾದ ಡಡ್ಲಿ ಸಿಯರ್ಸ್ ಅವರು, ರಾಷ್ಟ್ರೀಯ ಆದಾಯದ ಏರಿಕೆಯೊಂದನ್ನೇ ಅಭಿವೃದ್ಧಿಯೆಂದು ಪರಿಗಣಿಸಲಾಗದು, ಬಡತನ, ನಿರುದ್ಯೋಗ ಮತ್ತು ಅಸಮಾನತೆ ಕಡಿಮೆಯಾಗುತ್ತಿವೆಯೇ ಎಂಬುದನ್ನೂ ಪರಿಶೀಲಿಸಬೇಕು ಎಂದು ವಾದಿಸಿದರು. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ಅಮರ್ತ್ಯ ಸೇನ್ ಅವರು ಅಭಿವೃದ್ಧಿಯನ್ನು ಮನುಷ್ಯರ ಸ್ವಾತಂತ್ರ್ಯಗಳ ವಿಸ್ತರಣೆಯಾಗಿ ವಿವೇಚಿಸಿದರು.

2000ದಲ್ಲಿ ರೂಪುಗೊಂಡ ಸಹಸ್ರಮಾನದ ಅಭಿವೃದ್ಧಿ ಗುರಿಗಳು ಮುಖ್ಯವಾಗಿ ಅಭಿವೃದ್ಧಿಶೀಲ ದೇಶಗಳನ್ನು ಉದ್ದೇಶಿಸಿದ್ದವು. 2015ರಲ್ಲಿ ಅಂಗೀಕೃತವಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಶ್ರೀಮಂತ ದೇಶಗಳೂ ಸೇರಿದಂತೆ ಎಲ್ಲ ದೇಶಗಳಿಗೂ ಅನ್ವಯಿಸುತ್ತವೆ. 'ಅಂತಾರಾಷ್ಟ್ರೀಯ ಅಭಿವೃದ್ಧಿ' ಎಂಬ ಹೆಸರಿನ ಬದಲು 'ಜಾಗತಿಕ ಅಭಿವೃದ್ಧಿ' ಎಂಬ ಹೆಸರು ಬಳಕೆಗೆ ಬರುತ್ತಿರುವುದರ ಹಿಂದೆಯೂ ಇದೇ ದೃಷ್ಟಿಕೋನವಿದೆ.

ಅರೆಕಾಲಿಕ ಮತ್ತು ದೂರಶಿಕ್ಷಣದ ಪರಂಪರೆ ಇದಕ್ಕಿಂತ ಹಳೆಯದು. 1858ರ ಸನ್ನದಿನ ಮೂಲಕ ಲಂಡನ್ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಲ್ಲಿ ಓದದ ವಿದ್ಯಾರ್ಥಿಗಳಿಗೂ ಪರೀಕ್ಷೆಗಳನ್ನು ತೆರೆಯಿತು. 1969ರಲ್ಲಿ ಸ್ಥಾಪನೆಯಾದ ಓಪನ್ ಯೂನಿವರ್ಸಿಟಿಯು ಮನೆಯಲ್ಲಿಯೇ ಓದುವ ವಯಸ್ಕರಿಗಾಗಿ 1971ರಲ್ಲಿ ಬೋಧನೆಯನ್ನು ಆರಂಭಿಸಿತು.

ಪದವಿಯ ರಚನೆ

ಬ್ರಿಟನ್ನಿನಲ್ಲಿ ಬೋಧನಾಧಾರಿತ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 180 ಕ್ರೆಡಿಟ್‌ಗಳು ಬೇಕು. ಒಂದು ಕ್ರೆಡಿಟ್ ಎಂದರೆ ಅಂದಾಜು 10 ಗಂಟೆಗಳ ಕಲಿಕೆ. ಹೀಗಾಗಿ ಇಡೀ ಪದವಿಗೆ ಸುಮಾರು 1,800 ಗಂಟೆಗಳಾಗುತ್ತವೆ. ಉಪನ್ಯಾಸ, ಓದು, ಬರವಣಿಗೆ ಎಲ್ಲವೂ ಇದರಲ್ಲಿ ಸೇರಿವೆ. ವರ್ಷಕ್ಕೆ 45 ವಾರಗಳ ಓದು ಎಂದು ಲೆಕ್ಕ ಹಾಕಿದರೆ, ಪೂರ್ಣಾವಧಿ ವಿದ್ಯಾರ್ಥಿಗೆ ವಾರಕ್ಕೆ 40 ಗಂಟೆ, ಎರಡು ವರ್ಷ ಓದುವವರಿಗೆ 20 ಗಂಟೆ ಮತ್ತು ಮೂರು ವರ್ಷ ಓದುವವರಿಗೆ ಸುಮಾರು 13 ಗಂಟೆ ಬೇಕಾಗುತ್ತದೆ. ಎರಡು ವರ್ಷಗಳ ಅರೆಕಾಲಿಕ ವ್ಯಾಸಂಗವು ಉದ್ಯೋಗದ ಜೊತೆಗೆ ಇನ್ನೊಂದು ಅರ್ಧ ಉದ್ಯೋಗವನ್ನು ಮಾಡಿದಂತೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಾಮಾನ್ಯ ಮಾದರಿಯಲ್ಲಿ 120 ಕ್ರೆಡಿಟ್‌ಗಳು ಅಭಿವೃದ್ಧಿ ಸಿದ್ಧಾಂತಗಳು, ಸಂಶೋಧನಾ ವಿಧಾನಗಳು ಮತ್ತು ಐಚ್ಛಿಕ ವಿಷಯಗಳಿಗೆ, ಉಳಿದ 60 ಕ್ರೆಡಿಟ್‌ಗಳು ಸಂಶೋಧನಾ ಪ್ರಬಂಧಕ್ಕೆ ಮೀಸಲಾಗಿರುತ್ತವೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ 60 ಕ್ರೆಡಿಟ್ ಪೂರೈಸಿ ನಿಲ್ಲಿಸಿದವರಿಗೆ ಸ್ನಾತಕೋತ್ತರ ಪ್ರಮಾಣಪತ್ರ ಮತ್ತು 120 ಪೂರೈಸಿದವರಿಗೆ ಸ್ನಾತಕೋತ್ತರ ಡಿಪ್ಲೊಮಾ ದೊರೆಯುತ್ತದೆ. ಉದ್ಯೋಗ ಬದಲಾವಣೆ, ಹೆರಿಗೆ, ಕುಟುಂಬದವರ ಅನಾರೋಗ್ಯ ಮುಂತಾದ ಕಾರಣಗಳಿಂದ ಓದು ಮೊಟಕಾದರೂ ಅಲ್ಲಿಯವರೆಗಿನ ಶ್ರಮ ವ್ಯರ್ಥವಾಗದಂತೆ ಈ ವ್ಯವಸ್ಥೆ ನೋಡಿಕೊಳ್ಳುತ್ತದೆ.

ಪ್ರಯೋಜನಗಳು ಮತ್ತು ತೊಡಕುಗಳು

ಅರೆಕಾಲಿಕ ವಿದ್ಯಾರ್ಥಿಯು ಸಂಬಳವನ್ನು ಬಿಡಬೇಕಾಗಿಲ್ಲ. ಸರ್ಕಾರೇತರ ಸಂಸ್ಥೆ, ಆರೋಗ್ಯ ಇಲಾಖೆ ಅಥವಾ ಸ್ಥಳೀಯ ಆಡಳಿತದಲ್ಲಿ ದುಡಿಯುವವರು ಪಾಠದಲ್ಲಿ ಓದಿದ ವಿಧಾನವನ್ನು ತಮ್ಮ ಕೆಲಸದಲ್ಲಿ ಪರೀಕ್ಷಿಸಿ ನೋಡಬಹುದು, ಕಾರ್ಯಕ್ಷೇತ್ರದ ಸಮಸ್ಯೆಯನ್ನೇ ಪ್ರಬಂಧದ ವಿಷಯವಾಗಿಸಿಕೊಳ್ಳಬಹುದು. ಆದರೆ ಸ್ವಂತ ಸಂಸ್ಥೆಯ ಕುರಿತು ಸಂಶೋಧನೆ ಮಾಡುವಾಗ ಉದ್ಯೋಗದಾತರ ಅನುಮತಿ, ಮಾಹಿತಿದಾರರ ಗೋಪ್ಯತೆ ಮತ್ತು ವಿಶ್ವವಿದ್ಯಾಲಯದ ನೈತಿಕ ಪರಿಶೀಲನೆಯ ಪ್ರಶ್ನೆಗಳು ಏಳುತ್ತವೆ. ತಾನು ನೆರವು ನೀಡುವ ಕುಟುಂಬವನ್ನೇ ಸಂದರ್ಶಿಸುವ ಕಾರ್ಯಕರ್ತನಿಗೆ ಆ ಕುಟುಂಬವು ಮುಕ್ತವಾಗಿ ಉತ್ತರಿಸುವುದು ಕಷ್ಟ.

ಪ್ರಬಂಧದ ಹಂತವು ವಿಶೇಷವಾಗಿ ಕಠಿಣವಾದದ್ದು. ತರಗತಿಗಳು ಮುಗಿದು ಸಹಪಾಠಿಗಳ ಸಂಪರ್ಕ ಕಡಿಮೆಯಾಗುವ ಆ ಹೊತ್ತಿನಲ್ಲಿ, ಸಂಜೆಯ ಬಿಡುವಿನ ಗಂಟೆಗಳಲ್ಲಿಯೇ ದೀರ್ಘ ಬರವಣಿಗೆಯನ್ನು ಪೂರೈಸಬೇಕಾಗುತ್ತದೆ.

ಆರ್ಥಿಕ ನೆರವು

ಇಂಗ್ಲೆಂಡಿನಲ್ಲಿ 2016ರಿಂದ ಜಾರಿಯಲ್ಲಿರುವ ಸ್ನಾತಕೋತ್ತರ ಸಾಲ ಯೋಜನೆಯು ಅರೆಕಾಲಿಕ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ನೀಡಲಾಗುವ ಚೆವನಿಂಗ್ ವಿದ್ಯಾರ್ಥಿವೇತನವು ಪೂರ್ಣಾವಧಿ ವ್ಯಾಸಂಗಕ್ಕೆ ಸೀಮಿತವಾಗಿದೆ. ಕಾಮನ್‌ವೆಲ್ತ್ ದೂರಶಿಕ್ಷಣ ವಿದ್ಯಾರ್ಥಿವೇತನವು ಅಭಿವೃದ್ಧಿಶೀಲ ಕಾಮನ್‌ವೆಲ್ತ್ ದೇಶಗಳ ಅಭ್ಯರ್ಥಿಗಳು ಸ್ವದೇಶದಲ್ಲಿದ್ದುಕೊಂಡೇ ಬ್ರಿಟನ್ನಿನ ಸ್ನಾತಕೋತ್ತರ ಪದವಿಯನ್ನು ಓದಲು ನೆರವಾಗುತ್ತದೆ. ಬಡತನವನ್ನು ಕುರಿತ ಉನ್ನತ ಶಿಕ್ಷಣವು ಶ್ರೀಮಂತ ದೇಶಗಳಲ್ಲಿಯೇ ಕೇಂದ್ರೀಕೃತವಾಗಿದೆ ಎಂಬ ಆಕ್ಷೇಪಕ್ಕೆ ಇಂತಹ ಯೋಜನೆಗಳು ಭಾಗಶಃ ಉತ್ತರವಾಗಿವೆ. ಆದರೂ ಶುಲ್ಕ, ಇಂಗ್ಲಿಷ್ ಭಾಷಾ ಅರ್ಹತೆ ಮತ್ತು ಅಂತರಜಾಲದ ಲಭ್ಯತೆ ಅಡ್ಡಿಗಳಾಗಿಯೇ ಉಳಿದಿವೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಉದ್ಯೋಗಸ್ಥರು ಈ ಕ್ಷೇತ್ರವನ್ನು ಓದಲು ಮುಖ್ಯ ಮಾರ್ಗವೆಂದರೆ ದೂರಶಿಕ್ಷಣ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಗ್ರಾಮೀಣಾಭಿವೃದ್ಧಿಯಲ್ಲಿ ಎಂ.ಎ. ಪದವಿಯನ್ನು ನೀಡುತ್ತದೆ. ಕರ್ನಾಟಕದಲ್ಲಿ ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಹಾಗೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗ ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಸುತ್ತಿವೆ. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿದ ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ಪ್ರಮುಖ ಆಕರವಾಗಿದೆ. ವಿದೇಶಿ ದೂರಶಿಕ್ಷಣ ಪದವಿಗೆ ಭಾರತದಲ್ಲಿ ಸಮಾನತೆಯ ಮಾನ್ಯತೆ ತಾನಾಗಿಯೇ ದೊರೆಯುವುದಿಲ್ಲ. ಬೋಧನಾ ಹುದ್ದೆ ಅಥವಾ ಪಿಎಚ್.ಡಿ. ಪ್ರವೇಶದ ಸಂದರ್ಭದಲ್ಲಿ ಇದು ನಿರ್ಣಾಯಕವಾಗಬಹುದು.