ಟೀವಿ ಕೊಂಡವರು ನೀವು, ಪರದೆಯ ಯಜಮಾನ ಯಾರು?

ಹಿಂದೆ ಟೀವಿ ಅಂದರೆ ಟೀವಿ. ಗುಂಡಿ ಒತ್ತಿದರೆ ಚಿತ್ರ, ತಿರುಗಿಸಿದರೆ ಸದ್ದು. ಗಾಳಿಮಳೆ ಬಂದಾಗ ಛಾವಣಿ ಹತ್ತಿ ಆಂಟೆನಾ ತಿರುಗಿಸುವ ಫಜೀತಿ ಬಿಟ್ಟರೆ ಬೇರೆ ತಕರಾರು ಇರಲಿಲ್ಲ. ಈಗ ಹಾಗಲ್ಲ. ಸಾಲವೋ ಕಂತೋ ಮಾಡಿ ಮನೆಗೆ ತಂದ ಸ್ಮಾರ್ಟ್ ಟೀವಿ ಮೊದಲು ಕೇಳೋದು ವೈಫೈ. ಆಮೇಲೆ ಈಮೇಲ್ ವಿಳಾಸ. ಆಮೇಲೆ ಮಾರುದ್ದದ ಇಂಗ್ಲಿಷ್ ಕರಾರು, ಅದರ ಬುಡದಲ್ಲಿ ‘ಒಪ್ಪಿದೆ’ ಎಂಬ ಗುಂಡಿ. ಪೂರ್ತಿ ಓದಿ ಆ ಗುಂಡಿ ಒತ್ತಿದವರು ಊರಿಗೊಬ್ಬರು ಸಿಕ್ಕರೆ ಹೆಚ್ಚು.

ಈ ಕರಾರಿಗೆ ಸರಕಾರ ಕೈ ಹಾಕಬೇಕೋ, ಬೇಡವೋ? ಟೀವಿಯ ಒಳಗೆ ಕೂತಿರುವ ಕಂಪನಿಗಳಿಗೂ, ‘ಹಾಡು ಹಾಕು’ ಅಂದರೆ ಹಾಡು ಹಾಕುವ ಮಾತಿನ ಯಂತ್ರಗಳಿಗೂ ಕಡಿವಾಣ ಬೇಕೆನ್ನುವವರು ಒಂದು ಕಡೆ. ಮಾರುಕಟ್ಟೆಯೇ ನೋಡಿಕೊಳ್ಳಲಿ ಎನ್ನುವವರು ಇನ್ನೊಂದು ಕಡೆ. ಲಂಡನ್ನು, ಬ್ರಸೆಲ್ಸು, ದಿಲ್ಲಿ ಎಲ್ಲ ಕಡೆ ನಡೆದಿರುವ ವಾದ ಇದು. ದೂರದ ಮಾತು ಅನ್ನಿಸಬಹುದು. ಆದರೆ ಇದರ ಲಾಭ ನಷ್ಟ ತಟ್ಟುವುದು ನಮ್ಮ ನಡುಮನೆಗೆ, ನಮ್ಮ ಅಂಗಡಿ ಗಲ್ಲಾಕ್ಕೆ.

ಒಂದು ಬೇಕಾದರೆ ನಾಲ್ಕು ತಗೋ

ಕಿರಾಣಿ ಅಂಗಡಿಯವರಿಗೆ ಈ ಆಟ ಹೊಸದೇನಲ್ಲ. ಓಡುವ ಸೋಪು ಬೇಕು ಅಂದರೆ ಏಜೆನ್ಸಿಯವನು ಓಡದ ಸೋಪನ್ನೂ ಎರಡು ಡಜನ್ ತಲೆಗೆ ಕಟ್ಟುತ್ತಾನೆ. ‘ಅದು ಬೇಡಪ್ಪಾ’ ಅಂದರೆ ‘ಹಂಗಾದ್ರೆ ಇದೂ ಇಲ್ಲ’ ಅನ್ನುತ್ತಾನೆ. ಟೀವಿ ತಯಾರಕರ ಗೋಳೂ ಇದೇ ಆಗಿತ್ತು ಎಂಬುದು ದಿಲ್ಲಿಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದ ದೂರಿನ ಸಾರ.

ದೂರು ಕೊಟ್ಟವರು ಇಬ್ಬರು ವಕೀಲರು. ಆಯೋಗ 2021ರ ಜೂನ್‌ನಲ್ಲಿ ತನಿಖೆಗೆ ಆಜ್ಞೆ ಮಾಡಿತು. ಟೀವಿಯಲ್ಲಿ ಗೂಗಲ್ ಪ್ಲೇ ಸ್ಟೋರ್ ಬೇಕೆಂದ ತಯಾರಕ, ಅದರ ಜೊತೆಗೆ ಗೂಗಲ್‌ನ ಉಳಿದ ಆಪ್‌ಗಳ ಮೂಟೆಯನ್ನೂ ಹೊರಬೇಕಿತ್ತು. ಇನ್ನೊಂದು ಕರಾರು ಇನ್ನೂ ಬಿಗಿ. ಆಂಡ್ರಾಯ್ಡನ್ನು ತನಗೆ ಬೇಕಾದಂತೆ ಬದಲಿಸಿಕೊಂಡ ಯಾವ ಸಾಮಾನನ್ನೂ ಆತ ತಯಾರಿಸುವಂತಿರಲಿಲ್ಲ. ಪ್ಲೇ ಸ್ಟೋರ್ ಇಲ್ಲದ ಟೀವಿಯನ್ನು ಕೊಳ್ಳೋರು ಯಾರು? ತಯಾರಕ ತೆಪ್ಪಗೆ ಸಹಿ ಹಾಕಿದ.

ಕೊನೆಗೆ 2025ರ ಏಪ್ರಿಲ್‌ನಲ್ಲಿ ರಾಜಿಯಾಯಿತು. ಗೂಗಲ್ 20 ಕೋಟಿ 24 ಲಕ್ಷ ರೂಪಾಯಿ ಕಟ್ಟಲು ಒಪ್ಪಿತು. ಪ್ಲೇ ಸ್ಟೋರ್ ಮಾತ್ರ ಸಾಕು ಅನ್ನುವ ತಯಾರಕರಿಗೆ ಶುಲ್ಕ ಪಡೆದು ಅದನ್ನಷ್ಟೇ ಕೊಡುತ್ತೇನೆ, ಮೂಟೆ ಹೊರಿಸುವುದಿಲ್ಲ ಎಂದಿತು. ಗೂಗಲ್ ಆಪ್ ಇಲ್ಲದ ಟೀವಿಗಳನ್ನು ಭಾರತದಲ್ಲಿ ಮಾರುವವರಿಗೆ ಆ ಬಿಗಿ ಕರಾರಿನ ಕಾಟ ಇರುವುದಿಲ್ಲ. ಈ ಮಾತಿನ ಅವಧಿ ಐದು ವರ್ಷ. ಫೋನಿನ ಆಂಡ್ರಾಯ್ಡ್ ವಿಚಾರದಲ್ಲಿ ಇದೇ ಆಯೋಗ 2022ರಲ್ಲಿ ಹಾಕಿದ ದಂಡ 1,337 ಕೋಟಿಗೂ ಮೇಲೆ. ಅದರ ಮುಂದೆ 20 ಕೋಟಿ ಚಿಲ್ಲರೆ ಕಾಸು. ಆದರೂ ಮೂಟೆ ಬಿಚ್ಚಿತಲ್ಲ, ಅದು ದೊಡ್ಡದು.

ಎದುರಿನ ಕಪಾಟಿನ ಬೆಲೆ

ಮೂಟೆಗಿಂತ ದೊಡ್ಡ ಜಗಳ ಪರದೆಯ ಮೊದಲ ಪುಟದ್ದು. ಟೀವಿ ಹಾಕಿದ ಕೂಡಲೇ ಸಾಲಾಗಿ ಚೌಕಗಳು ಬರುತ್ತವಲ್ಲ, ಅದು ಅಂಗಡಿಯ ಎದುರಿನ ಕಪಾಟು ಇದ್ದಂತೆ. ಅಲ್ಲಿ ಇಟ್ಟ ಮಾಲು ಓಡುತ್ತದೆ, ಒಳಗಿಟ್ಟದ್ದು ಧೂಳು ತಿನ್ನುತ್ತದೆ. ರಿಮೋಟಿನ ಮೇಲೆ ಕೆಲವೇ ಕಂಪನಿಗಳ ಹೆಸರಿನ ಗುಂಡಿ ಇರುವುದೂ ಪುಕ್ಕಟೆ ಅಭಿಮಾನಕ್ಕಲ್ಲ.

ನಮ್ಮ ಪೇಟೆಯ ಕೇಬಲ್‌ನವನಿಗೆ 1995ರ ಕಾಯ್ದೆ ಇದೆ. ಸರಕಾರ ಗೊತ್ತುಮಾಡಿದ ದೂರದರ್ಶನದ ಚಾನೆಲ್‌ಗಳನ್ನು ಆತ ಕಡ್ಡಾಯವಾಗಿ ತೋರಿಸಲೇಬೇಕು. ಕೋಟಿಗಟ್ಟಲೆ ವಹಿವಾಟಿನ ಸ್ಮಾರ್ಟ್ ಟೀವಿಗೆ ಆ ಕಟ್ಟಳೆ ಇಲ್ಲ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಆಪ್ ಬಿಟ್ಟಿತು. ಅದು ಮೊದಲ ಸಾಲಿನಲ್ಲಿ ಕಾಣಬೇಕೋ ಹತ್ತನೇ ಸಾಲಿನಲ್ಲೋ ಅನ್ನುವುದು ಟೀವಿ ಕಂಪನಿಯ ಮರ್ಜಿ.

ಬ್ರಿಟನ್ ಈ ಮರ್ಜಿಗೆ ಬಿಡಲಿಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿ ಹೊಸ ಮಾಧ್ಯಮ ಕಾಯ್ದೆ ಬಂತು. ಬಿಬಿಸಿ ಮುಂತಾದ ಸಾರ್ವಜನಿಕ ಚಾನೆಲ್‌ಗಳ ಆಪ್ ಟೀವಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳಬೇಕು ಅನ್ನುತ್ತದೆ ಅದು. ಮಾತಿನ ಯಂತ್ರಕ್ಕೂ ಅದರಲ್ಲಿ ಪಾಠ ಉಂಟು. ಕೇಳುಗ ಹೆಸರು ಹೇಳಿ ರೇಡಿಯೋ ಸ್ಟೇಷನ್ ಕೇಳಿದರೆ ಅದನ್ನೇ ಹಾಕಬೇಕು, ಅದಕ್ಕಾಗಿ ಸ್ಟೇಷನ್ನಿನಿಂದ ಕಾಸು ಕೀಳಬಾರದು. ಯೂರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಪಟ್ಟಿಯಲ್ಲೂ ಮಾತಿನ ಯಂತ್ರಗಳ ಹೆಸರಿದೆ. ಕಾಯ್ದೆಯನ್ನು ಅವುಗಳ ಮೇಲೂ ಸ್ಮಾರ್ಟ್ ಟೀವಿಗಳ ಮೇಲೂ ಗಟ್ಟಿಯಾಗಿ ಪ್ರಯೋಗಿಸಿ ಎಂದು ಅಲ್ಲಿನ ಚಾನೆಲ್‌ಗಳು ಒತ್ತಾಯಿಸಿವೆ.

ಟೀವಿಯೇ ಮನೆಯನ್ನು ನೋಡಿದರೆ?

ಇನ್ನು ಬೇಹುಗಾರಿಕೆಯ ಮಾತು. ಅಮೆರಿಕದ ವಿಜಿಯೊ ಎಂಬ ಟೀವಿ ಕಂಪನಿ 1 ಕೋಟಿ 10 ಲಕ್ಷ ಟೀವಿಗಳಲ್ಲಿ, ಪರದೆ ಮೇಲೆ ಏನು ಓಡುತ್ತಿದೆ ಅನ್ನುವುದನ್ನು ಸೆಕೆಂಡು ಸೆಕೆಂಡಿಗೂ ಗುರುತು ಹಾಕುತ್ತಿತ್ತು. ಚಿತ್ರದ ಚುಕ್ಕೆಗಳ ಮಾದರಿ ತೆಗೆದು ತನ್ನ ದಾಸ್ತಾನಿನ ಜೊತೆ ತಾಳೆ ನೋಡುವ ಉಪಾಯ ಅದು. ಕೇಬಲ್ ಹಾಕಿದರೂ ಗೊತ್ತು, ಡಿವಿಡಿ ಹಾಕಿದರೂ ಗೊತ್ತು. ಈ ಲೆಕ್ಕವನ್ನು ಬೇರೆ ಕಂಪನಿಗಳಿಗೆ ಮಾರುತ್ತಿತ್ತು. ಮನೆಯವರನ್ನು ಸರಿಯಾಗಿ ಕೇಳಿರಲಿಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. 2017ರಲ್ಲಿ ವಿಜಿಯೊ 22 ಲಕ್ಷ ಡಾಲರ್ ಕಟ್ಟಿ ಕೈ ತೊಳೆದುಕೊಂಡಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ಕಂಪನಿಯನ್ನು ಸುಮಾರು 230 ಕೋಟಿ ಡಾಲರಿಗೆ ಕೊಂಡದ್ದು ಯಾರು? ವಾಲ್‌ಮಾರ್ಟ್. ನಮ್ಮ ಫ್ಲಿಪ್‌ಕಾರ್ಟ್‌ನ ಒಡೆತನ ಹಿಡಿದಿರುವ ಅದೇ ವಾಲ್‌ಮಾರ್ಟ್. ಜಾಹೀರಾತಿನ ವ್ಯಾಪಾರ ಬೆಳೆಸೋದಕ್ಕೇ ಈ ಖರೀದಿ ಎಂದು ಅದು ಮುಚ್ಚುಮರೆ ಮಾಡಲಿಲ್ಲ. ಅಂಗಡಿಯೂ ಅವರದೇ, ಗಿರಾಕಿ ಏನು ನೋಡುತ್ತಾನೆಂದು ಬಲ್ಲ ಟೀವಿಯೂ ಅವರದೇ ಆದರೆ ಬೀದಿ ಬದಿಯ ಅಂಗಡಿಯವನು ಪೈಪೋಟಿ ಕೊಡುವುದು ಹೇಗೆ?

ಮಾತಿನ ಯಂತ್ರದ ಸಂಗತಿ ಇನ್ನೂ ಸೂಕ್ಷ್ಮ. ಅದು ತನ್ನ ಹೆಸರು ಕೇಳಿದಾಗ ಎಚ್ಚರವಾಗಬೇಕು. ಎಚ್ಚರವಾದ ಮೇಲಿನ ಮಾತು ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಒಮ್ಮೊಮ್ಮೆ ತಪ್ಪಿ ಎಚ್ಚರವಾಗುವುದೂ ಉಂಟು. ಅಮೆಜಾನ್, ಗೂಗಲ್, ಆಪಲ್ ಮೂರರ ಧ್ವನಿಮುದ್ರಣದ ತುಣುಕುಗಳನ್ನು ಮನುಷ್ಯರೇ ಕೂತು ಕೇಳುತ್ತಿದ್ದ ಸಂಗತಿ 2019ರಲ್ಲಿ ಬಯಲಾಯಿತು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡಿತೆಂದು ಅಮೆಜಾನ್ ಮೇಲೆ ಅಮೆರಿಕ ಸರಕಾರ ದಾವೆ ಹೂಡಿ, 2023ರಲ್ಲಿ ಎರಡೂವರೆ ಕೋಟಿ ಡಾಲರ್ ದಂಡಕ್ಕೆ ಒಪ್ಪಿಸಿತು. ಗಲ್ಲಾದ ಪಕ್ಕ ಇಂಥ ಯಂತ್ರ ಇಟ್ಟುಕೊಂಡು ಸಾಲದ ಲೆಕ್ಕ, ಮನೆ ಜಗಳ, ಮಗಳ ಸಂಬಂಧದ ಮಾತು ಆಡುವವರು ಇದನ್ನು ನೆನಪಿಡಬೇಕು. ಬಸ್ಸಿನಲ್ಲಿ ಕೂತವರ ಜೇಬಿನ ಫೋನೂ ಇದೇ ಜಾತಿಯದು.

ಬೇಡ ಅನ್ನುವವರ ವಾದ

ಕಡಿವಾಣ ಬೇಡ ಅನ್ನುವವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಸಣ್ಣ ಪುಟ್ಟ ಕಂಪನಿಗಳು ಅಗ್ಗದ ಟೀವಿ ಮಾಡಲು ಸಾಧ್ಯವಾದದ್ದೇ ತಯಾರು ತಂತ್ರಾಂಶ ಕೈಗೆ ಸಿಕ್ಕಿದ್ದರಿಂದ. ಪ್ರತಿಯೊಬ್ಬನೂ ತನಗೆ ತೋಚಿದಂತೆ ಬದಲಿಸಿದರೆ ಆಪ್‌ಗಳು ಕೈಕೊಡುತ್ತವೆ, ಹೊಸ ತಿದ್ದುಪಡಿ ಬರುವುದಿಲ್ಲ, ಕಳ್ಳರಿಗೆ ದಾರಿಯಾಗುತ್ತದೆ. ಜಾಹೀರಾತಿನ ಆದಾಯ ನಿಂತರೆ ಟೀವಿಯ ಬೆಲೆ ಏರುತ್ತದೆ. ಇನ್ನೊಂದು ಅಂಜಿಕೆಯೂ ಇದೆ. ಮೊದಲ ಪುಟದಲ್ಲಿ ಯಾರಿಗೆ ಜಾಗ ಅನ್ನುವುದನ್ನು ಸರಕಾರವೇ ಗೊತ್ತುಮಾಡಿದರೆ, ನಾಳೆ ಅಲ್ಲಿ ಸರಕಾರದ ತುತ್ತೂರಿಯೇ ಮೊಳಗಬಹುದು.

ಹಾಗಾದರೆ ಬೇಕಿರುವುದು ಏನನ್ನು ನೋಡಬೇಕೆಂದು ಹೇಳುವ ಕಾನೂನಲ್ಲ. ಕೇಳದೆ ಮನೆಯೊಳಗೆ ಇಣುಕಬೇಡ, ಮೂಟೆ ಕಟ್ಟಿ ಹೊರಿಸಬೇಡ, ಚೌಕಗಳನ್ನು ಹಿಂದೆ ಮುಂದೆ ಮಾಡುವ ಹಕ್ಕನ್ನು ರಿಮೋಟ್ ಹಿಡಿದವನಿಗೆ ಬಿಡು ಅನ್ನುವ ಕಾನೂನು. ಇಷ್ಟಕ್ಕೆ ಟೀವಿಯ ಬೆಲೆ ಗಗನಕ್ಕೇನೂ ಏರುವುದಿಲ್ಲ.

ಕನ್ನಡದಲ್ಲಿ ಕೇಳುವ ಹಕ್ಕು

ಇದರಲ್ಲಿ ಒಂದಂಶ ಆಗಲೇ ಕಾಗದದ ಮೇಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಎಂದರೆ ತಿಳಿದು, ಮನಸಾರೆ ಕೊಟ್ಟ ಒಪ್ಪಿಗೆ. ಕೊಟ್ಟಷ್ಟೇ ಸಲೀಸಾಗಿ ಅದನ್ನು ವಾಪಸು ಪಡೆಯಬಹುದು. ಕೇಳುವ ನೋಟೀಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲೂ! 18 ವರ್ಷದೊಳಗಿನ ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಮಕ್ಕಳ ವಿಚಾರದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಭಾಗಗಳಿಗೆ ಕಂಪನಿಗಳಿಗೆ ಸಿಕ್ಕ ಗಡುವು 18 ತಿಂಗಳು.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಎಂಬ ಭಾಗ ತೆಗೆದು, ನೋಡುವ ಮಾಹಿತಿ ಮತ್ತು ಜಾಹೀರಾತಿಗೆ ಸಂಬಂಧಿಸಿದ ಗುರುತುಗಳನ್ನು ಆಫ್ ಮಾಡಬಹುದು. ಮಾತಿನ ಯಂತ್ರದ ಮೈಕ್ ಗುಂಡಿಯನ್ನು ಬೇಡದ ಹೊತ್ತು ಮುಚ್ಚಿಡಬಹುದು. ಹೊಸ ಟೀವಿ ಕೊಳ್ಳುವಾಗ ಇಂಚು ಎಷ್ಟು, ರಿಯಾಯಿತಿ ಎಷ್ಟು ಎಂದು ಕೇಳುವ ಜೊತೆಗೆ ‘ಈ ಕರಾರು ಕನ್ನಡದಲ್ಲಿ ಇದೆಯೇನಪ್ಪಾ?’ ಎಂದೂ ಕೇಳಬಹುದು. ಹತ್ತು ಗಿರಾಕಿ ಕೇಳಿದರೆ ಅಂಗಡಿಯವನು ಏಜೆನ್ಸಿಯನ್ನು ಕೇಳುತ್ತಾನೆ. ಏಜೆನ್ಸಿಯವನು ಕಂಪನಿಯನ್ನು ಕೇಳುತ್ತಾನೆ. ದಿಲ್ಲಿಯ ಕಾನೂನಿಗೆ ಜೀವ ಬರೋದು ಹಾಗೆಯೇ.