ಆಳುವ ಹಕ್ಕೋ, ಕಾಯುವ ಹೊಣೆಯೋ?

ಬಸವಕಲ್ಯಾಣದ ಮಗ್ಗುಲಲ್ಲಿರುವ ನಾರಾಯಣಪುರಕ್ಕೆ ಹೋದವರು ಅಲ್ಲಿಯ ಚಾಲುಕ್ಯರ ಕಾಲದ ಶಿವಾಲಯವನ್ನು ನೋಡಿ ಬರುತ್ತಾರೆ. ಅಲ್ಲಿಂದ ಹುಮನಾಬಾದ್, ಬೀದರ್‌ವರೆಗೆ ಹಬ್ಬಿದ ಈ ಸೀಮೆಯಲ್ಲಿ ಮೆಥೋಡಿಸ್ಟ್ ಸಭೆ ನೆಲೆಯೂರಿ ನೂರು ವರ್ಷಗಳ ಮೇಲಾಯಿತು. ಈ ನೆಲದ ಕ್ರೈಸ್ತ ಯುವಜನರ ಮುಂದೆ ಇಂದು ಒಂದು ಪ್ರಶ್ನೆಯಿದೆ: ನೆಲ, ನೀರು, ಗಿಡಮರಗಳನ್ನು ಕಾಪಾಡುವುದೂ ಧರ್ಮದ ಕೆಲಸವೇ?

ಪ್ರಶ್ನೆ ಹೊಸದಲ್ಲ. ಪರಿಸರದ ಬಿಕ್ಕಟ್ಟಿಗೆ ಪಶ್ಚಿಮದ ಕ್ರೈಸ್ತ ಚಿಂತನೆಯ ಪಾಲು ದೊಡ್ಡದೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲೇ ಆಪಾದಿಸಿದ. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನ ಕೊಡುತ್ತದೆ. ಅದನ್ನೇ ಜನ ಸುಲಿಗೆಯ ಪರವಾನಗಿ ಎಂದು ಓದಿದರು ಎಂಬುದು ಅವನ ವಾದ. ಆದರೆ ಪ್ರಾಣಿಪಕ್ಷಿಗಳನ್ನು ಒಡಹುಟ್ಟಿದವರಂತೆ ಕಂಡ ಸಂತ ಫ್ರಾನ್ಸಿಸನನ್ನು ಪರಿಸರದ ಪೋಷಕ ಸಂತನನ್ನಾಗಿ ಮಾಡಬೇಕೆಂದು ಸೂಚಿಸಿದವನೂ ಅವನೇ. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಕುರಿತೇ ಒಂದು ವಿಶ್ವಪತ್ರ ಬರೆದರು. ಭೂಮಿಯ ನರಳಾಟವೂ ಬಡವರ ನರಳಾಟವೂ ಬೇರೆಯಲ್ಲ ಎಂಬುದು ಅದರ ತಿರುಳು.

ಈ ಮಾತಿನ ಅರ್ಥ ತಿಳಿಯಲು ಬೀದರ್ ಸೀಮೆಯವರು ರೋಮಿಗೆ ಹೋಗಬೇಕಿಲ್ಲ. 2016ರಲ್ಲಿ ನೆರೆಯ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂತು. ಇಲ್ಲಿಯ ಅನೇಕ ಕ್ರೈಸ್ತ ಕುಟುಂಬಗಳು ದಲಿತ ಮೂಲದವು, ಕೂಲಿಯನ್ನೇ ನಂಬಿದವು. ಬಾವಿ ಬತ್ತಿದರೆ ಮೊದಲು ಬರಿದಾಗುವುದು ಇಂಥವರ ಕೊಡ. ಕಲಬುರ್ಗಿ ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದ, ಹುಮನಾಬಾದಿನ ಆರ್ಬಿಟ್ ಸಂಸ್ಥೆ ಹಳ್ಳಿಗಳ ಅಭಿವೃದ್ಧಿಗೆ ದುಡಿಯುತ್ತಿರುವುದೂ ಇಂಥ ಜನರ ನಡುವೆಯೇ.

ಆದರೂ ಯುವಜನರಲ್ಲಿ ಒಮ್ಮತವಿಲ್ಲ. ಈ ಲೋಕ ಹೇಗೂ ಅಳಿಯುವಂಥದು, ಆತ್ಮದ ರಕ್ಷಣೆಯೇ ಮುಖ್ಯ ಎನ್ನುವವರುಂಟು. ಸೃಷ್ಟಿಯನ್ನು ಕೆಡಿಸಿ ಸೃಷ್ಟಿಕರ್ತನನ್ನು ಕೊಂಡಾಡುವುದು ಹೇಗೆ ಎಂದು ಕೇಳುವವರೂ ಉಂಟು. ಎರಡನೆಯವರಿಗೆ ಆಧಾರ ಆದಿಕಾಂಡದ ಎರಡನೆಯ ಅಧ್ಯಾಯದಲ್ಲೇ ಇದೆ. ಅಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ಉತ್ತು ಕಾಯುವುದಕ್ಕೆ. ಪಾಪಕ್ಕೂ ಶಾಪಕ್ಕೂ ಮೊದಲೇ ಅವನಿಗೆ ಸಿಕ್ಕ ಕೆಲಸ ಅದು. ಶರಣರ ಕಲ್ಯಾಣದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಾಯಕವೆಂದರೆ ಸಾಕು.

ಜೂನ್ 5ರಂದು ಇಗರ್ಜಿಯ ಅಂಗಳದಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಮುಂದಿನ ಏಪ್ರಿಲ್ ಬಿಸಿಲಿನಲ್ಲಿ ಆ ಸಸಿಗೆ ಒಂದು ಕೊಡ ನೀರು ಹೊತ್ತು ತರುವವರಾರು? ಆಳುವವನಿಗೂ ಕಾಯುವವನಿಗೂ ಇರುವ ವ್ಯತ್ಯಾಸ ತಿಳಿಯುವುದು ಆಗಲೇ.